ಭಟ್ಟರ ಮೂಗು, ಮಾವನ ಮೋಟಾರು

ಘಣಸೋಲಿಯ ನಮ್ಮ ಫ್ಲ್ಯಾಟಿಗೆ ಮೊನ್ನೆ ಅಡುಗೆಮನೆಯ ಹೊಗೆ ಎಳೆಯುವ ಚಿಮಣಿ ಮಾರುವವನೊಬ್ಬ ಬಂದಿದ್ದ. ಡೆಮೊ ಎಂದು ಒಲೆಯ ಮೇಲ್ಗಡೆ ಗೋಡೆಗೆ ಅದನ್ನು ಕೂರಿಸಿ, ಗುಂಡಿ ಒತ್ತಿ, ತುಟಿಯ ಮೇಲೆ ಬೆರಳಿಟ್ಟು, "ಸಾಬ್, ಕುಛ್ ಸುನಾಯಿ ದಿಯಾ?" ಎಂದ. ಏನೂ ಕೇಳಿಸಲಿಲ್ಲ. ಏನೂ ಇಲ್ಲದ್ದನ್ನು ಕೇಳಿಸಲು ಒಬ್ಬ ಮನುಷ್ಯ ಟೈ ಕಟ್ಟಿಕೊಂಡು ಮನೆತನಕ ಬರುವ ಕಾಲವಿದು. ಸಾಂಬಾರಿಗೆ ಬೇಳೆ ಬೇಯಿಸುತ್ತಿದ್ದ ನನ್ನ ಹೆಂಡತಿಯ ಮುಖ ನೋಡಿದರೆ ವ್ಯಾಪಾರ ಆಗಲೇ ಕುದುರಿತ್ತು. ನನ್ನ ಮರ್ಯಾದೆಗೆಂದು "ಮೋಟಾರ್ ಕೈಸಾ ಹೈ?" ಎಂದು ಕೇಳಿದೆ. "ಮೋಟಾರ್ ಕೌನ್ ದೇಖ್ತಾ ಹೈ ಸಾಬ್? ಕಲರ್ ದೇಖಿಯೇ" ಎಂದ. ಮೋಟಾರು ಯಾರು ನೋಡುತ್ತಾರೆ ಎಂಬ ಆ ಮಾತು ಕೇಳಿದ್ದೇ ನನಗೆ ಕಲ್ಯಾಣದ ವಾಸು ಮಾವ ನೆನಪಾದರು.

ವಾಸು ಮಾವ ನನ್ನ ಅಮ್ಮನ ತಮ್ಮ. ಕಲ್ಯಾಣ ಸ್ಟೇಷನ್ನಿನ ಹತ್ತಿರ ಅವರದೊಂದು ಸಸ್ಯಾಹಾರಿ ಹೋಟೆಲು. ಬೋರ್ಡಿನ ಮೇಲೆ ಅದು ಮಾವನದು, ಒಳಗೆ ಅಡುಗೆಯ ಅನಂತ ಭಟ್ಟರದು. ಲೋಕಲ್ ರೈಲು ತಪ್ಪಿದರೂ ಚಿಂತೆಯಿಲ್ಲ ಎಂದು ಜನ ಅಲ್ಲಿ ಕೂರುತ್ತಿದ್ದುದು ಭಟ್ಟರ ಸಾಂಬಾರಿಗಾಗಿ. ಉಡುಪಿಯಿಂದ ಕರೆತಂದ ಆ ಭಟ್ಟರನ್ನು ಮಾವ ಅತ್ತೆಗಿಂತ ಹೆಚ್ಚು ಜೋಪಾನ ಮಾಡುತ್ತಿದ್ದರು. ಇದು ನನ್ನ ಮಾತಲ್ಲ, ಅತ್ತೆಯದೇ.

ಅಡುಗೆಮನೆಯ ಹೊಗೆಯನ್ನು ಎಳೆದು ತಗಡಿನ ಕೊಳವೆಯಲ್ಲಿ ಹೊರಗೆ ತಳ್ಳಲು ಕಾರ್ಖಾನೆಗಳಲ್ಲಿರುವಂಥ ದೊಡ್ಡದೊಂದು ಬ್ಲೋವರ್ ಇತ್ತು. ಅದರ ಮೋಟಾರು ಸುಡುವುದು ಹಬ್ಬಗಳ ಹಾಗೆ, ವರ್ಷವರ್ಷವೂ ತಪ್ಪದೆ ಬರುತ್ತಿತ್ತು. ಸುಟ್ಟ ದಿನ ಒಳಗೆ ಹೊಗೆ ತುಂಬಿ ಭಟ್ಟರು ಕೆಮ್ಮಿ ಕೆಮ್ಮಿ ಕೆಂಪಾಗುತ್ತಿದ್ದರು. ಕೊನೆಗೊಂದು ದಿನ ಹೊರಗೆ ಬಂದು, "ಇನ್ನೊಂದು ಮೋಟಾರು ಸುಟ್ರೆ ನಾನು ಊರಿಗೆ ಹೋಗುದೇ. ಆಮೇಲೆ ನೀವುಂಟು, ನಿಮ್ಮ ಹೊಗೆ ಉಂಟು" ಎಂದುಬಿಟ್ಟರು. ಭಟ್ಟರಿಲ್ಲದಿದ್ದರೆ ಬೋರ್ಡೊಂದೇ ಉಳಿಯುವುದು.

ಅಲ್ಲಿಯವರೆಗೆ ಮೋಟಾರು ಆಯ್ದು ತರುತ್ತಿದ್ದವರು ಮಾವನೇ. ತೆಂಗಿನಕಾಯಿಯ ಹಾಗೆ ಅದನ್ನು ಎತ್ತಿ, ಗೆಣ್ಣಿನಿಂದ ಕುಟ್ಟಿ, ಕಿವಿಗಿಟ್ಟು ಕೇಳುತ್ತಿದ್ದರು. ಒಳಗೆ ಏನು ಕೇಳಿಸುತ್ತಿತ್ತೋ ದೇವರೇ ಬಲ್ಲ. ಈಗ ಆ ಪಟ್ಟ ನನಗೆ ಬಂತು. ನಾನಾಗ ಡೊಂಬಿವಲಿಯ ಬಣ್ಣದ ಕಾರ್ಖಾನೆಯೊಂದರಲ್ಲಿ ಹೊಸ ಇಂಜಿನಿಯರು, ಕಂಡದ್ದಕ್ಕೆಲ್ಲ ಭಾಷಣ ಮಾಡುವ ವಯಸ್ಸು. ಗಲ್ಲಾದ ಮುಂದೆ ನಿಂತು ಮಾವನಿಗೆ ಪಾಠ ಮಾಡಿದೆ: ಎಣ್ಣೆಯ ಹಬೆ ಒಳನುಗ್ಗದಂತೆ ಮೈ ಪೂರ್ತಿ ಮುಚ್ಚಿರಬೇಕು, ಸುರುಳಿಯ ತಂತಿ ತಾಮ್ರದ್ದೇ ಆಗಿ ಒಲೆಯ ಕಾವು ತಡೆಯಬೇಕು, ಬೇರಿಂಗು ಒಳ್ಳೆಯದಿರಬೇಕು. ಬ್ಲೋವರಿನ ಚಕ್ರ ಭಾರ; ನಿಂತದ್ದನ್ನು ಎಬ್ಬಿಸುವಾಗಲೇ ಮೋಟಾರಿಗೆ ಜೀವ ಹೋಗುವುದು, ಒಮ್ಮೆ ತಿರುಗತೊಡಗಿದರೆ ಆರಾಮ. ಈ ಕೊನೆಯ ಮಾತನ್ನು ನೀವು ನೆನಪಿಟ್ಟುಕೊಳ್ಳಿ. ಆಡಿದ ನಾನೇ ಮರೆತಿದ್ದೆ.

ಠಾಣೆಯ ಅಂಗಡಿಗಳನ್ನೆಲ್ಲ ಜಾಲಾಡಿ ಅಂಥದ್ದೊಂದನ್ನು ತಂದೆ. ಆಯುಧಪೂಜೆಗೆ ಕುಂಕುಮ ಹಚ್ಚಿಸಿಕೊಂಡ ಆ ಮೋಟಾರು ದೀಪಾವಳಿ ನೋಡಲಿಲ್ಲ.

"ನೀನು ಕಲ್ತದ್ದು ಎಂತ ಮಾರಾಯಾ? ನಾನು ಕುಟ್ಟಿ ತಂದದ್ದೇ ಇದಕ್ಕಿಂತ ಹೆಚ್ಚು ಬರ್ತಿತ್ತು" ಎಂದರು ಮಾವ. ಭಟ್ಟರ ಕೈಕಾಲು ಹಿಡಿದು, ಇದೊಂದು ಸಲ ಎಂದು ಒಪ್ಪಿಸಿ, ಸುಟ್ಟ ಸುರುಳಿಯನ್ನು ಹೊಸದಾಗಿ ಸುತ್ತಿಸಿ ಮತ್ತೆ ಕೂರಿಸಿದೆವು. ಆ ದಿನ ನಾನು ರಜೆ ಹಾಕಿ, ಅಡುಗೆಮನೆಯ ಮೂಲೆಯಲ್ಲಿ ಬಟಾಟೆ ಚೀಲದ ಮೇಲೆ ಕುಳಿತು ಕಾವಲು ಕಾದೆ.

ಸಾಂಬಾರು ಕುದಿಯಿತು. ಭಟ್ಟರು ಒಗ್ಗರಣೆ ಸುರಿದರು. ಸುರಿದವರೇ ಸೌಟಿನ ಹಿಡಿಯಿಂದ ಗೋಡೆಯ ಸ್ವಿಚ್ಚನ್ನು ಟಪ್ಪೆಂದು ಆರಿಸಿ, ಕಣ್ಣು ಮುಚ್ಚಿ ಹಂಡೆಯ ಮೇಲೆ ಬಗ್ಗಿದರು. ಮತ್ತೆ ಟಪ್ಪೆಂದು ಚಾಲೂ. ಪಲ್ಯಕ್ಕೂ ಹಾಗೆಯೇ, ಚಟ್ನಿಗೂ ಹಾಗೆಯೇ. ಪ್ರತಿ ಸಲವೂ ಮೋಟಾರು ಗಂಟಲು ಹಿಡಿದವರಂತೆ ನರಳಿ ಏಳುತ್ತಿತ್ತು.

"ಭಟ್ರೇ, ಎಂತಕ್ಕೆ ಬಂದ್ ಮಾಡುದು ನೀವು?"

"ಮತ್ತೆ? ಪರಿಮಳ ಎಲ್ಲ ಅದೇ ಎಳ್ಕೊಂಡು ಹೋದ್ರೆ ಉಪ್ಪು ಗೊತ್ತಾಗುದು ಹೇಗೆ?"

ಗಲ್ಲಾದ ಮೇಲಿನ ದೇವರ ಪಟಕ್ಕೆ ನೈವೇದ್ಯ ಇಡುವ ಮೊದಲು ಭಟ್ಟರು ಏನನ್ನೂ ನಾಲಗೆಗೆ ತಾಗಿಸುವವರಲ್ಲ. ಉಪ್ಪು, ಹುಳಿ, ಬೆಂದದ್ದು, ಬೇಯದ್ದು ಎಲ್ಲಕ್ಕೂ ಮೂಗೇ. ಹೋಟೆಲಿನ ಹೆಸರು ನಿಂತದ್ದು ಆ ಮೂಗಿನ ಮೇಲೆ, ಮೋಟಾರು ಸುಟ್ಟದ್ದೂ ಅದರಿಂದಲೇ.

ಸುದ್ದಿ ಕೇಳಿ ಒಳಗೆ ಬಂದ ಮಾವ ಆಡಬಾರದ್ದನ್ನು ಆಡಿದರು: "ಒಂದು ಚೂರು ಬಾಯಿಗೆ ಹಾಕಿ ನೋಡಿದ್ರೆ ಎಂತ ಆಗ್ತದೆ ಭಟ್ರೇ?"

ಭಟ್ಟರು ಸೌಟು ಕೆಳಗಿಟ್ಟರು. "ದೇವ್ರಿಗೆ ಎಂಜಲು ಇಡುದಾ?" ಎಂದಷ್ಟೇ ಹೇಳಿ, ಹೆಗಲ ಬೈರಾಸು ಕೊಡವಿ, ಮಾಳಿಗೆಯ ಕೋಣೆಗೆ ಹೋಗಿ ಚೀಲ ತುಂಬತೊಡಗಿದರು. ಮಾವ ಅಲ್ಲೇ ಬಟಾಟೆ ಚೀಲದ ಮೇಲೆ ಕುಸಿದರು. ಅಷ್ಟು ಸಣ್ಣದಾದ ಮಾವನನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಮೆಟ್ಟಿಲು ಹತ್ತಿ ಹೋಗಿ ಭಟ್ಟರ ಮುಂದೆ ಕೈಮುಗಿದೆ. ಮೋಟಾರು ತಿರುಗುತ್ತಲೇ ಇರಲಿ, ಕೊಳವೆಯ ಬಾಯಿಗೆ ತಗಡಿನ ಮುಚ್ಚಳ ಹಾಕಿಸುವೆ. ಹಗ್ಗ ಎಳೆದರೆ ಮುಚ್ಚೀತು, ಪರಿಮಳ ಅಲ್ಲೇ ನಿಂತೀತು, ಬಾಯಿ ಮುಚ್ಚಿದರೆ ತಳ್ಳಲು ಗಾಳಿಯಿಲ್ಲದೆ ಬ್ಲೋವರಿಗೂ ಭಾರ ಕಡಿಮೆಯೇ ಎಂದೆ.

"ಹಗ್ಗ ಎಳಿಯುದು ಯಾರು?" ಎಂದರು ಭಟ್ಟರು.

"ನಾನು" ಎಂದು ಹಿಂದಿನಿಂದ ಮಾವನ ದನಿ ಬಂತು.

ಎಳೆದರು ಕೂಡ. ಒಗ್ಗರಣೆಯ ಸದ್ದಾದರೆ ಸಾಕು, ಗಿರಾಕಿಯನ್ನು ಅಲ್ಲೇ ಬಿಟ್ಟು ಮಾವ ಒಳಗೆ ಓಡುತ್ತಿದ್ದರು. ಮೋಟಾರು ಮತ್ತೆ ಸುಡಲಿಲ್ಲ. ಭಟ್ಟರೂ ಹೋಗಲಿಲ್ಲ, ಮಾವ ಹೋಟೆಲು ಮುಚ್ಚಿದ ಮೇಲೆಯೇ ಅವರು ಊರಿನ ರೈಲು ಹತ್ತಿದ್ದು.

ಇತ್ತ ನಮ್ಮ ಮನೆಯಲ್ಲಿ ಹೆಂಡತಿ ಸಾಂಬಾರಿಗೆ ಒಗ್ಗರಣೆ ಹಾಕಿದಳು. ಚಿಮಣಿ ಅದನ್ನು ಸದ್ದಿಲ್ಲದೆ ನುಂಗಿತು. ಕೈ ತಡೆಯದೆ ನಾನು ಗುಂಡಿ ಒತ್ತಿ ಅದನ್ನು ಆರಿಸಿದೆ. ಇಂಗು, ಕರಿಬೇವು ಮನೆಯೆಲ್ಲ ಹಬ್ಬಿತು. ಇಲ್ಲೇ ಹುಟ್ಟಿ ಬೆಳೆದ, ಕನ್ನಡಕ್ಕೆ ಹಿಂದಿಯಲ್ಲೇ ಉತ್ತರಿಸುವ ನನ್ನ ಮಗಳು ಕೋಣೆಯ ಬಾಗಿಲಿಗೆ ಬಂದು, ಮೂಗರಳಿಸಿ, "ಮಮ್ಮಾ, ನಮಕ್ ಕಮ್ ಹೈ" ಎಂದಳು. ನಾನು ಸೌಟಿನಿಂದ ಒಂದು ತೊಟ್ಟು ಅಂಗೈಗೆ ಬಿಟ್ಟು ನೆಕ್ಕಿದೆ. ಹೌದು, ಉಪ್ಪು ಕಡಿಮೆಯಿತ್ತು.

ತಡೆಯಲಾಗದೆ ಅಲ್ಲಿಂದಲೇ ಭಟ್ಟರಿಗೆ ಫೋನು ಹಚ್ಚಿ ಎಲ್ಲ ಹೇಳಿದೆ. ಭಟ್ಟರು ಹೇಳಿದರು:

"ಹಾಗಾದ್ರೆ ಮಗಳ ಮೂಗಿಗೆ ಪರಿಮಳ ಉಳಿಯುವ ಹಾಗೆ ಮೋಟಾರು ಸಣ್ಣದೇ ತಕೊಳ್ಳಿ ಮಾರಾಯ್ರೆ."