ಜಟ್ಟೆಮ್ಮ ಓದಿದ ಕೀರ್ತನೆ

ಜಟ್ಟೆಮ್ಮನಿಗೆ ಅಕ್ಷರ ಕಲಿಸಿದ್ದು ಮಗಳು ಕಾವೇರಿ. ಬೀದರ ಕಡೆಯಿಂದ ಬಂದು, ಬೈಯಪ್ಪನಹಳ್ಳಿಯ ಬಾಡಿಗೆ ಕೋಣೆಯಲ್ಲಿ ಸಂಸಾರ ಹೂಡಿ, ಇಂದಿರಾನಗರದ ಎರಡು ಮನೆಗಳ ಪಾತ್ರೆ ತಿಕ್ಕುವವಳಿಗೆ ಓದಲು ಪುರುಸೊತ್ತಾದರೂ ಎಲ್ಲಿತ್ತು? ತನ್ನ ಮನೆಯ ಮುಸುರೆ ತೊಳೆಯುವಾಗ ಮಗಳು ಪಕ್ಕದಲ್ಲಿ ಕೂತು, ಸರಳಗನ್ನಡದ ಹೊಸ ಬೈಬಲ್ ಹಿಡಿದು ಪದ ಬಿಡಿಸಿ ಹೇಳುತ್ತಿದ್ದಳು.

"ಅವ್ವಾ, ಒತ್ತಕ್ಷರಕ್ಕ ಅಂಜಬ್ಯಾಡ. ಅದೂ ನಿನ್ನಂಗ, ಕೆಳಗ ಕುಂತು ಮ್ಯಾಲಿನವ್ರ ಭಾರ ಹೊರ್ತದ."

ಹೋದ ವರ್ಷ ಡೆಂಗಿ ಜ್ವರ ಆ ಹುಡುಗಿಯನ್ನು ಒಯ್ದಿತು.

ಮರ್ಫಿ ಟೌನಿನ ಅವರ ಸಣ್ಣ ಕ್ರೈಸ್ತ ಸಭೆಯಲ್ಲಿ, ತೀರಿಕೊಂಡವರ ವರ್ಷದ ನೆನಪಿಗೆ ಮನೆಯವರೊಬ್ಬರು ಬೈಬಲಿನ ವಾಕ್ಯ ಓದುವುದು ರೂಢಿ. ಮಗಳು ಕಲಿಸಿದ ಹೊಸ ಬೈಬಲಿನಿಂದ ಒಂದು ಕೀರ್ತನೆಯನ್ನು ತಾನೇ ಓದುತ್ತೇನೆಂದು ಜಟ್ಟೆಮ್ಮ ಹೇಳಿಯಾಗಿತ್ತು. ಅದಕ್ಕೆ ಒಂದು ವಾರ ಮುಂಚೆ, ಆರಾಧನೆ ಮುಗಿದು ಗಂಡಸರು ಊಟಕ್ಕೆ ಕೂತಾಗ, ಯಾವ ಅನುವಾದ ಸರಿ ಎಂಬ ಮಾತೆದ್ದಿತು. ಅವಳು ಬಡಿಸುತ್ತಿದ್ದಳು.

"ಇನ್ಮೇಲೆ ಹಳೇ ಅನುವಾದ ಒಂದೇ. ಹೊಸದು ಬಸ್ ಸ್ಟ್ಯಾಂಡಲ್ಲಿ ಮಾತಾಡ್ದಂಗಿದೆ," ಎಂದರು ಸಭೆಯ ಹಿರಿಯ ಮುನಿರಾಜಪ್ಪ.

"ಅಣ್ಣಾ, ದೇವ್ರೇನು ಹಳಗನ್ನಡದವನಾ?" ಎಂದು ಪಾಸ್ಟರ್ ಭಗವಂತರಾಯ ನಕ್ಕರು. "ಜನಕ್ಕೆ ಅರ್ಥ ಆಗ್ಬೇಡ್ವಾ?"

"ನಮ್ಮಜ್ಜಿ ಪ್ರಾಣ ಬಿಡೋವಾಗ ಕೇಳಿದ್ದು ಆ ಮಾತೇ ಕಣ್ರೀ. ಇವತ್ತು ಅದು ಸರಿ ಇಲ್ಲ ಅಂದ್ರೆ ಹೆಂಗೆ?"

ಪಾಸ್ಟರ್ ಅದನ್ನು ಊಟಕ್ಕೆ ಕೂತವರ ಮುಂದಿಟ್ಟರು. ಹಳೆಯದೇ ಇರಲಿ ಎನ್ನುವವರು ಕೈ ಎತ್ತಿದರು. ಅವರಲ್ಲಿ ಜಟ್ಟೆಮ್ಮನ ಗಂಡ ಭೀಮಾಶಂಕರನೂ ಇದ್ದ. ಎತ್ತಿದ್ದು ಎಡಗೈ, ಬಲಗೈ ಅನ್ನ ಕಲಸುತ್ತಿತ್ತು.

"ಮತ್ತ ನಾ ಓದೂದು?" ಎಂದಳು ಜಟ್ಟೆಮ್ಮ.

"ಮೊದ್ಲು ಸಾರು ತಾ," ಎಂದರು ಪಂಕ್ತಿಯಲ್ಲಿದ್ದ ಒಬ್ಬರು.

ಮನೆಗೆ ಬಂದ ಮೇಲೆ ಕೇಳಿದಳು: "ನೀವ್ಯಾಕ ಕೈ ಎತ್ತಿದ್ರಿ?"

"ಹಿರ್ಯಾರ ಮುಂದ ಹ್ಯಾಂಗ ಒಲ್ಲೆ ಅನ್ಲಿ? ನಾ ಹೇಳಿಕೊಡ್ತೀನಿ, ಬಾಯಿಪಾಠ ಮಾಡು. ಯಾರಿಗೂ ಗೊತ್ತಾಗಂಗಿಲ್ಲ."

ಹಳೆಯ ಪುಸ್ತಕವನ್ನು ಅವಳೂ ತೆರೆದು ನೋಡಿದಳು. ಉದ್ದುದ್ದ ಪದ, ಒತ್ತಿನ ಮೇಲೆ ಒತ್ತು; ಎರಡು ಸಾಲಿಗೇ ದಾರಿ ತಪ್ಪಿತು. ವಾರವಿಡೀ ಅವನು ಗೋಡೆಗೊರಗಿ ಓದಿದ, ಅವಳು ರೊಟ್ಟಿ ತಟ್ಟುತ್ತ, ನೆಲ ಒರೆಸುತ್ತ ಅವನು ಓದಿದ್ದನ್ನೇ ತಿರುಗಿ ಹೇಳಿದಳು. ಅರ್ಥ ಕೇಳಿದಾಗ ಅವನೂ ತಡವರಿಸಿದ. ಓದಿಸಿದ್ದಕ್ಕೆ ಅವನಿಗೆ ದಣಿವಾಗುತ್ತಿತ್ತು; ಚಹ ಕೇಳುತ್ತಿದ್ದ.

ಭಾನುವಾರ ಅವಳು ಮುಂದೆ ನಿಂತು, ಹಳೆಯ ಪುಸ್ತಕ ತೆರೆದು, ಕೀರ್ತನೆಯನ್ನು ಒಂದೂ ತಪ್ಪಿಲ್ಲದೆ ಒಪ್ಪಿಸಿದಳು. ಕೀರ್ತನೆ ಮುಂದಿನ ಪುಟಕ್ಕೆ ಹರಿದಿತ್ತು. ಅವಳು ಪುಟ ತಿರುವಲಿಲ್ಲ. ಯಾರೂ ಗಮನಿಸಲಿಲ್ಲ.

ಮುನಿರಾಜಪ್ಪನವರ ಕಣ್ಣು ಒದ್ದೆಯಾಗಿತ್ತು. "ಎಷ್ಟು ಚೆನ್ನಾಗಿ ಓದಿದ್ಯಮ್ಮಾ. ಮಗಳು ಕಲಿಸಿದ್ದು ಸಾರ್ಥಕ ಆಯ್ತು."

"ಅಕಿ ಕಲಿಸಿದ್ದು ಇದಲ್ಲರೀ," ಎಂದಳು ಜಟ್ಟೆಮ್ಮ. ಅವರು ಆಗಲೇ ಊಟದ ಕಡೆ ತಿರುಗಿದ್ದರು. ಬಡಿಸಲು ಯಾರೋ ಅವಳನ್ನೇ ಕೂಗುತ್ತಿದ್ದರು.