ದಾಸವಾಳದ ಕಾವಲಿಗೆ ಕ್ಯಾಮರಾ

ಭಾನುವಾರ, ಚೆನ್ನೈನ ಟ್ರಿಪ್ಲಿಕೇನ್. ಗೆಳೆಯರೇ, ಬಾಗಿಲ ಬಳಿಯ ಕುಂಡದ ದಾಸವಾಳವನ್ನು ದಿನಾ ಯಾರೋ ಕೀಳುತ್ತಾರೆಂದು ಅಮ್ಮ ಹಟ ಹಿಡಿದದ್ದರಿಂದ, ನಿನ್ನೆ ಅಗ್ಗದ ವೈಫೈ ಕ್ಯಾಮರಾವೊಂದನ್ನು ತಂದು ಬಾಗಿಲ ಮೇಲೆ ಕೂರಿಸಿದೆ. ಇಂದು ಬೆಳಗ್ಗೆ ಫೋನಿಗೆ ಮೊದಲ ದೃಶ್ಯ ಬಂತು: ಎದುರುಮನೆ ಮಾಮಿಯ ನಂದಿಬಟ್ಟಲು ಗಿಡದ ಮುಂದೆ ಹೂಬುಟ್ಟಿ ಹಿಡಿದು ನಿಂತ ಅಮ್ಮ.

“ದೇವರಿಗೆ ಕಿತ್ತರೆ ಕಳ್ಳತನ ಆಗತ್ತೇನೋ?” ಫೋನ್ ತೋರಿಸಿದಾಗ ಅಮ್ಮ ಕೇಳಿದಳು.

“ಹಾಗಾದ್ರೆ ನಮ್ಮ ದಾಸವಾಳ?”

“ಅದು ಕಳ್ಳತನವೇ. ದಿನಾ ನೀರು ಹಾಕೋಳು ನಾನು.”

ಅಷ್ಟರಲ್ಲಿ ಮಾಮಿಯೇ ಬಂದು ತಮಿಳಿನಲ್ಲಿ ಕೇಳಿದರು: “ತಂಬಿ, ನನ್ನ ಹೂವೂ ಕಾಣೆಯಾಗ್ತಿದೆ. ನಿನ್ನ ಕ್ಯಾಮರಾದಲ್ಲಿ ನೋಡಿ ಹೇಳಪ್ಪಾ.”

ನಾನು ಬಾಯಿ ತೆರೆಯುವ ಮೊದಲೇ ಅಮ್ಮ ಹೇಳಿದಳು: “ಅದರಲ್ಲಿ ನಮ್ಮ ಕುಂಡ ಮಾತ್ರ ಕಾಣೋದು, ಮಾಮಿ.”

ಅಮ್ಮನ ಮಾತನ್ನು ನಿಜ ಮಾಡಲು ಕ್ಯಾಮರಾವನ್ನು ತಿರುಗಿಸುವುದೆಂದು ನಿರ್ಧರಿಸಿದ್ದೇನೆ. ನಿನ್ನೆ ಹತ್ತಿದ ಏಣಿ ಮಾಮಿಯ ಮನೆಯದು; ಮತ್ತೆ ಅವರನ್ನೇ ಕೇಳಬೇಕು, ಇನ್ನೂ ಕೇಳಿಲ್ಲ.