ಸಿರುಗುಪ್ಪದಲ್ಲಿ ನಾನು ಮಾಡಿದ ತರ್ಜುಮೆ

ಎಪ್ಪತ್ತರ ದಶಕದಲ್ಲಿ ಬಳ್ಳಾರಿಯ ನಮ್ಮ ಸಭೆಯಲ್ಲಿ ನಾನು ಅನುಕರಿಸದೆ ಬಿಟ್ಟವರಿರಲಿಲ್ಲ. ನಮ್ಮ ಪಾದ್ರಿ ಅಯ್ಯನವರು ಆಶೀರ್ವಾದ ಹೇಳುತ್ತಲೇ ಒಂದು ಕಣ್ಣು ತೆರೆದು, ಯಾರು ಬಾಗಿಲ ಕಡೆ ಸರಿದರೆಂದು ನೋಡುವುದು; ಹಿರಿಯರೊಬ್ಬರು ಪ್ರಾರ್ಥನೆಯಲ್ಲಿ ಗೊರಕೆ ಹೊಡೆದು 'ಆಮೆನ್'ಗೆ ಸರಿಯಾಗಿ ಎಚ್ಚರಾಗುವುದು; ಕೊನೆಗೆ ಕೀರ್ತನೆಯಲ್ಲಿ ನನ್ನದೇ ಒಡಕು ಕಂಠ. ಎಲ್ಲವನ್ನೂ ಮಾಡಿ ತೋರಿಸುತ್ತಿದ್ದೆ.

ತೆಲುಗು ಬರುತ್ತದೆಂದು ಇಂಥವನಿಗೆ ತರ್ಜುಮೆಯ ಕೆಲಸ ಸಿಕ್ಕಿತು. ಆದೋನಿ ಕಡೆಯ ತೆಲುಗು ಬೋಧಕರೊಬ್ಬರು ಸಿರುಗುಪ್ಪದಲ್ಲಿ ಪ್ರಸಂಗ ಮಾಡುವವರಿದ್ದರು. ಅವರು ಹೇಳಿದ್ದನ್ನು ಪಕ್ಕದಲ್ಲಿ ನಿಂತು ಸಾಲು ಸಾಲಾಗಿ ಕನ್ನಡದಲ್ಲಿ ಹೇಳಬೇಕು. ಬಸ್ ಹತ್ತಿಸುವಾಗ ಅಯ್ಯನವರು ಎಚ್ಚರಿಸಿದರು:

"ಲೇ, ಬರೇ ಮಾತು ಹೇಳು. ಮಂಗ್ಯಾನಾಟ ಬ್ಯಾಡ."

"ನಾ ಯಾವತ್ತರ ಆಡೀನೇನ್ರಿ?" ಎಂದೆ, ಅವರದೇ ದನಿಯಲ್ಲಿ.

ಆರಾಧನೆಗೆ ಮುಂಚೆ, ಹೆಂಗಸರ ಸಾಲಿನ ಮುಂದೆ ಕೂತಿದ್ದ ಮುದುಕಿಯೊಬ್ಬರು ನನ್ನನ್ನು ಕರೆದರು. ಕುರುಗೋಡಿನವರು, ಮಗಳ ಮನೆಗೆ ಬಂದಿದ್ದರು.

"ತಮ್ಮಾ, ಕನ್ನಡದಾಗ ಹೇಳಾವ ನೀನೇನಪಾ?"

"ಹೌದವ್ವಾ."

"ನನ್ನ ತವರು ಧಾರವಾಡದ ಕಡಿ, ತೆಲುಗು ತಿಳಿಯಂಗಿಲ್ಲ. ತೆಲುಗು ಪ್ರಸಂಗ ಮುಗದು ಮನಿಗೆ ಹೋಗಾಗ ನಮ್ಮ ಯಜಮಾನ್ರು ದಾರಿ ತುಂಬ ಬಿಡಿಸಿ ಹೇಳತಿದ್ರು. ಹೋದ ತಿಂಗಳ ಅವರು ಮಣ್ಣಾದ್ರು. ಇವತ್ತು ಕರ್ತ ಸತ್ತಾವನ್ನ ಸಮಾಧಿಯಿಂದ ಎಬ್ಬಿಸಿದ ವಾಕ್ಯ ಐತಂತ. ಒಂದೂ ಬಿಡಬ್ಯಾಡಪಾ."

"ಒಂದೂ ಬಿಡಂಗಿಲ್ಲವ್ವಾ."

ಬಿಟ್ಟೆ. ಗಡಿಯೂರಿನ ಜನಕ್ಕೆ ತೆಲುಗು ಯಾರು ಕಲಿಸಬೇಕು? ಬೋಧಕರು ಒಂದು ನಗೆಮಾತು ಹೇಳಿದ ಕೂಡಲೇ ಎಲ್ಲರೂ ನಕ್ಕು ಮುಗಿಸಿದರು. ಆಮೇಲೆ ಬಂದ ನನ್ನ ಕನ್ನಡ ಆರಿದ ರೊಟ್ಟಿಯಂತೆ ಬಿದ್ದಿತು. ನನಗದನ್ನು ಸಹಿಸಲಾಗಲಿಲ್ಲ. ಬೋಧಕರು ಕೈ ಎತ್ತಿದರೆ ನಾನೂ ಎತ್ತಿದೆ. ಅವರು ತುದಿಗಾಲಲ್ಲಿ ನಿಂತರೆ ನಾನೂ ನಿಂತೆ. ಅವರು ಬೆವರು ಒರೆಸಿದರೆ ನಾನು ಒಣ ಹಣೆ ಒರೆಸಿಕೊಂಡೆ. ಅವರು ಕುಡಿದು ಬಿಟ್ಟ ನೀರನ್ನೂ ಕುಡಿದೆ. ಜನ ಸೆರಗು, ಟವೆಲು ಬಾಯಿಗಿಟ್ಟುಕೊಂಡರು. ಸಭೆ ಕದಲುತ್ತಿರುವುದನ್ನು ಕಂಡು, ವಾಕ್ಯ ಮುಟ್ಟುತ್ತಿದೆಯೆಂದು ಬೋಧಕರಿಗೆ ಇನ್ನಷ್ಟು ಹುರುಪು ಬಂತು. ಅವರ ನಾಲ್ಕು ಸಾಲಿಗೆ ನನ್ನದು ಒಂದಾಯಿತು, ಆಮೇಲೆ ಅರ್ಧ. ಕಥೆ ಸಮಾಧಿಯ ಹತ್ತಿರ ಬಂದಾಗ, ಸತ್ತವನನ್ನು ಕರೆಯುವಂತೆ "ಹೊರಗ ಬಾ!" ಎಂದು ನಾನು ಕೂಗಿದ ಕೂಗಿಗೆ ತೂಕಡಿಸುತ್ತಿದ್ದ ಮೂವರು ಎದ್ದೇಬಿಟ್ಟರು.

ಅವರ ಜೊತೆ ಆ ಮುದುಕಿಯೂ ಎದ್ದು ನಿಂತಿದ್ದರು.

"ತಮ್ಮಾ, ಅವ್ರು ಅಷ್ಟುದ್ದ ಹೇಳಿದ್ರು, ನೀ ಇಷ್ಟ ಹೇಳಿದಿ. ಉಳಿದದ್ದು ಎಲ್ಲಿ ಹೋತಪಾ?"

ಸಭೆ ಗೊಳ್ಳೆಂದಿತು. ಅಷ್ಟು ದೊಡ್ಡ ನಗು ನನಗೆ ಅದುವರೆಗೂ ಸಿಕ್ಕಿರಲಿಲ್ಲ, ಸಿಕ್ಕಿದ್ದು ಹೀಗೆ.

ಆರಾಧನೆ ಮುಗಿದ ಮೇಲೆ ಅವರ ಹತ್ತಿರ ಹೋದೆ. "ಅವ್ವಾ, ಮೊದಲಿಂದ ಹೇಳತೀನಿ" ಎಂದು ಶುರುಮಾಡಿದೆ. ಕೈ ತಾನಾಗಿ ಮೇಲೆದ್ದಿತು, ಹಿಮ್ಮಡಿಯೂ ಎದ್ದಿತು. ಬೋಧಕರು ಎಲ್ಲೆಲ್ಲಿ ಕೆಮ್ಮಿದ್ದರೆಂದು ಚೆನ್ನಾಗಿ ನೆನಪಿತ್ತು. ಕೆಮ್ಮಿದ ಮೇಲೆ ಏನು ಹೇಳಿದ್ದರು? ಊಹೂಂ.

"ಮರತಿಯೇನು?"

"ನಾ ಕೇಳೇ ಇಲ್ಲವ್ವಾ."

ಬೈಯುತ್ತಾರೆಂದುಕೊಂಡೆ. ಅವರು ಚೀಲದಿಂದ ವೇದದ ಪುಸ್ತಕ, ಕನ್ನಡ ಬೈಬಲ್ಲು, ತೆಗೆದರು.

"ಓದಾಕರ ಬರತೈತೇನು?"

"ಬರತೈತಿ."

"ಹಂಗಾರ ಇವತ್ತಿನ ವಾಕ್ಯ ಓದು."

ಮೊದಲ ಎರಡು ಸಾಲು ಬೋಧಕರ ದನಿಯಲ್ಲೇ ಬಂದವು. "ಅವ್ರ ದನಿ ಕೇಳೀನಿ ಬಿಡು" ಎಂದರು. ಬೇರೆ ದನಿ ಹುಡುಕಿದೆ. ಸಿಕ್ಕಿದ್ದು ನನ್ನದೊಂದೇ: ತೆಳ್ಳಗೆ, ಒತ್ತಕ್ಷರ ಕಂಡಲ್ಲೆಲ್ಲ ಎಡವುವಂಥದ್ದು. ಅದರಲ್ಲೇ ಓದಿದೆ. ತಮ್ಮನನ್ನು ಕಳೆದುಕೊಂಡ ಅಕ್ಕ, ಕರ್ತನು ತಡವಾಗಿ ಬಂದನೆಂದು ಅಳುವ ಜಾಗಕ್ಕೆ ಬಂದಾಗ ಅವರು ಪುಟದ ಮೇಲೆ ಕೈಯಿಟ್ಟರು.

"ನಾನೂ ಹಂಗ ಅಂದೆ. ತಡಾ ಮಾಡಿದಿ ಅಂತ."

ಆಮೇಲೆ ಕೈ ತೆಗೆದರು. ಅಧ್ಯಾಯ ಮುಗಿಸಿದೆ.

ಹಿಂದಿನಿಂದ ಯಾರೋ ಕೂಗಿದರು: "ತರ್ಜುಮಿ ಸಾಹೇಬ್ರ, ಊಟಕ್ಕ ಬರ್ರಿ, ಅನ್ನ ಆರತೈತಿ!"

ಎದ್ದೆ. ಅವರು ಆಗಲೇ ಹಾಳೆ ಹಿಂದಕ್ಕೆ ತಿರುವಿದ್ದರು.

"ಆ ಅಕ್ಕ ಅತ್ತದ್ದು ಇನ್ನೊಮ್ಮಿ ಓದಪಾ."

ಮತ್ತೆ ಕೂತೆ.